ಮದ್ದು ಬಿಟ್ಟ ದಿನವೇ ಹಣ್ಣಿನ ದಿನ ಗೊತ್ತಿರುತ್ತದೆ: ಬನವಾಸಿ ಸೀಮೆಯ ಅನಾನಸ್ ಹೊಲದಿಂದ ಒಂದು ಬಹಿರಂಗ ಪತ್ರ

ಮಾನ್ಯ ತೋಟಗಾರಿಕೆ ಸಚಿವರಿಗೆ, ಉತ್ತರ ಕನ್ನಡ ಹಾಗೂ ಶಿವಮೊಗ್ಗ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ.

ನಮ್ಮ ಮನೆಯ ಜಗುಲಿ ಗೋಡೆಯಲ್ಲಿ ಒಂದು ದಪ್ಪ ಮೊಳೆ ಇದೆ. ಅದಕ್ಕೆ ಹಳೆಯ ಕ್ಯಾಲೆಂಡರುಗಳು ಒಂದರ ಮೇಲೊಂದು ನೇತುಬಿದ್ದಿವೆ. ಅಜ್ಜ ಒಂದನ್ನೂ ಬಿಸಾಡಿದವನಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು, ಸೀಸದಕಡ್ಡಿಯನ್ನು ಕಿವಿಗೆ ಸಿಕ್ಕಿಸಿಕೊಂಡೇ ಹೊಲಕ್ಕೆ ಹೋಗುತ್ತಿದ್ದ. ಒಂದು ತಾರೀಕಿನ ಚೌಕದೊಳಗೆ ‘ಮದ್ದು, ಮೇಲಿನ ಬ್ಯಾಣ, 4000’ ಎಂದು ಬರೆದಿರುತ್ತಾನೆ. ಮದ್ದು ಎಂದರೆ ಅನಾನಸ್ ಗಿಡ ಹೂ ಬಿಡಲೆಂದು ಸುಳಿಗೆ ಬಿಡುವ ಔಷಧಿ ನೀರು, ಬ್ಯಾಣ ಎಂದರೆ ದನ ಮೇಯಿಸುವ ಗುಡ್ಡದ ನೆಲ. ಅಲ್ಲಿಂದ ಐದು ಹಾಳೆ ಮಗುಚಿದರೆ ಇನ್ನೊಂದು ತಾರೀಕಿಗೆ ಸುತ್ತು ಹಾಕಿ ‘ಹಣ್ಣು’ ಎಂದು ಬರೆದಿರುತ್ತಾನೆ. ಎರಡನ್ನೂ ಬರೆದದ್ದು ಒಂದೇ ದಿನ, ಒಂದೇ ಕೂತಲ್ಲಿ. ಮೊದಲನೆಯದು ಆದ ಕೆಲಸ, ಎರಡನೆಯದು ಆಗಬೇಕಾದದ್ದು. ಚಿಕ್ಕವಳಿದ್ದಾಗ ನನಗೆ ಅದೊಂದು ಜ್ಯೋತಿಷ್ಯದ ಹಾಗೆ ಕಾಣುತ್ತಿತ್ತು. ಈಗ ಆ ಸೀಸದಕಡ್ಡಿ ನನ್ನ ಕೈಗೆ ಬಂದಿದೆ. ಈ ಪತ್ರ ಬರೆಯುತ್ತಿರುವುದೂ ಆ ಎರಡು ತಾರೀಕುಗಳ ನಡುವಿನ ಐದು ತಿಂಗಳ ಬಗ್ಗೆಯೇ.

ಅನಾನಸ್ ಬೆಳೆಯುವವರಿಗೆ ಗೊತ್ತಿರುವ ಸಂಗತಿ ಇದು. ಆದರೂ ಕಚೇರಿಯಲ್ಲಿ ಕೂತು ಓದುವವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಕಡೆ ಬೆಳೆಯುವುದು ಹೆಚ್ಚಾಗಿ ಕ್ಯೂ ಎಂಬ ದೊಡ್ಡ ಹಣ್ಣಿನ ತಳಿ. ಒಳ್ಳೆ ಗಿಡದಲ್ಲಿ ಎರಡು ಕಿಲೋ ದಾಟುತ್ತದೆ. ತಾಯಿಗಿಡದ ಬುಡದಿಂದ ಕಂದು, ಅಂದರೆ ಮರಿಗಿಡ, ಮುರಿದು, ಕೆಳಗಿನ ಎಲೆ ಕಿತ್ತು, ಒಂದು ವಾರ ಒಣಗಿಸಿ, ಮಳೆಗಾಲದ ಹೊತ್ತಿಗೆ ಜೋಡಿ ಸಾಲಿನಲ್ಲಿ ನೆಡುತ್ತೇವೆ. ಸರಿಯಾದ ಅಂತರ ಕೊಟ್ಟರೆ ಎಕರೆಗೆ 17–18 ಸಾವಿರ ಗಿಡ ಕೂರುತ್ತವೆ. ಗಿಡ ತಾನಾಗಿಯೇ ಹೂ ಬಿಡಲಿ ಎಂದು ಕಾದರೆ ಹೊಲವೆಲ್ಲ ಒಟ್ಟಿಗೆ ಬಿಡುವುದಿಲ್ಲ. ಇಲ್ಲೊಂದು ಅಲ್ಲೊಂದು ಬಿಡುತ್ತ ಹೋಗುತ್ತದೆ, ಲಾರಿ ತುಂಬುವುದಿಲ್ಲ. ಅದಕ್ಕೇ 35–40 ಎಲೆ ಆದ ಗಿಡದ ಸುಳಿಗೆ ಎಥ್ರೆಲ್ ಎಂಬ ಹೂ ಬರಿಸುವ ಔಷಧಿ ಮತ್ತು ಯೂರಿಯಾ ಕರಗಿಸಿದ ನೀರನ್ನು 50 ಮಿಲಿಲೀಟರಿನಷ್ಟು ಬಿಡುತ್ತೇವೆ. ಇದಕ್ಕೇ ನಾವು ‘ಮದ್ದು ಬಿಡುವುದು’ ಅನ್ನುವುದು. ಲೆಕ್ಕ ಹಾಕಿ ನೋಡಿ: ಒಂದು ಎಕರೆಗೆ 900 ಲೀಟರ್ ನೀರು, ಒಂದೊಂದೇ ಗಿಡಕ್ಕೆ ಬಗ್ಗಿ ಬಗ್ಗಿ. ಈ ಕೆಲಸ ಹೆಚ್ಚಾಗಿ ಹೆಂಗಸರದು. ನನ್ನ ಅಮ್ಮನ ಮುಂಗೈ ಮೇಲೆ ಎಲೆಯ ತುದಿ ಗೀರಿದ ಗೆರೆಗಳು ಎಷ್ಟಿವೆಯೋ, ಎಣಿಸಿದವರಿಲ್ಲ.

ಮದ್ದು ಬಿಟ್ಟ ಸುಮಾರು 40 ದಿನಕ್ಕೆ ಸುಳಿಯಲ್ಲಿ ಕೆಂಪು ಕಾಣಿಸುತ್ತದೆ. ಐದು, ಐದೂವರೆ ತಿಂಗಳಿಗೆ ಹಣ್ಣು. ಚಳಿ ಹೆಚ್ಚಿದ್ದರೆ ಹತ್ತು ದಿನ ಆಚೆ, ಬಿಸಿಲು ಹೆಚ್ಚಿದ್ದರೆ ಹತ್ತು ದಿನ ಈಚೆ. ಮಾವಿನ ಮರದವನು ಹೂವು ನೋಡಿ, ಇಬ್ಬನಿ ನೋಡಿ, ಮೋಡ ನೋಡಿ ನಿಟ್ಟುಸಿರು ಬಿಡಬೇಕು. ನಾವು ಹಾಗಲ್ಲ. ಯಾವ ವಾರ, ಯಾವ ಹೊಲದಿಂದ, ಎಷ್ಟು ಸಾವಿರ ಹಣ್ಣು ಬರುತ್ತದೆ ಎಂದು ಐದು ತಿಂಗಳ ಮೊದಲೇ ಹೇಳಬಲ್ಲೆವು. ಇಷ್ಟು ಮುಂಚೆ, ಇಷ್ಟು ನಿಖರವಾಗಿ ಸುದ್ದಿ ಕೊಡುವ ಬೇರೆ ಹಣ್ಣು ನಮ್ಮ ಸೀಮೆಯಲ್ಲಿ ನನಗೆ ಗೊತ್ತಿಲ್ಲ.

ಹೀಗಿದ್ದೂ ಜೂನ್ ಬಂತೆಂದರೆ ಹಣ್ಣು ಕೊಳೆಯುತ್ತದೆ. ಪತ್ರಿಕೆಯಲ್ಲಿ ಫೋಟೋ ಬರುತ್ತದೆ, ಮನವಿಪತ್ರ ಕೊಡುತ್ತೇವೆ, ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಬರುವಷ್ಟರಲ್ಲಿ ಜುಲೈ ಮಳೆ ಹಿಡಿದಿರುತ್ತದೆ. ನಾನು ಕೇಳಬೇಕೆಂದಿರುವುದು ಒಂದೇ ಮಾತು. ಡಿಸೆಂಬರಿನಲ್ಲೇ ನಮಗೆ ಗೊತ್ತಿರುವುದು ನಿಮಗೆ ಜೂನಿನಲ್ಲಿ ಯಾಕೆ ಗೊತ್ತಾಗಬೇಕು?

ಜೂನಿನಲ್ಲಿ ಯಾಕೆ ಹೀಗಾಗುತ್ತದೆ ಎಂಬುದಕ್ಕೆ ಕಾರಣ ಇದೆ. ನಮ್ಮ ಹಸಿರುಕಾಯಿಗೆ ಬೇಸಿಗೆಯಲ್ಲಿ ದೆಹಲಿ ಕಡೆಯಿಂದ ಬೇಡಿಕೆ. ಆ ದರ ಹಿಡಿಯಬೇಕೆಂದು ಎಲ್ಲರೂ ಅಕ್ಟೋಬರಿನಿಂದ ಡಿಸೆಂಬರಿನೊಳಗೆ ಮದ್ದು ಬಿಡುತ್ತಾರೆ. ಮದ್ದು ಹಿಡಿಯದೆ ಉಳಿದ ಗಿಡ, ಎಲೆ ಸಾಲದೆಂದು ಬಿಟ್ಟ ಗಿಡ, ಒಮ್ಮೆ ಹಣ್ಣು ಕಿತ್ತ ಮೇಲೆ ಮತ್ತೆ ಚಿಗುರಿದ ಕೂಳೆ ಬೆಳೆಯ ಗಿಡ, ಇವೆಲ್ಲ ಚಳಿಗಾಲದ ತಂಪಿಗೆ ತಾವಾಗಿಯೇ ಹೂ ಬಿಟ್ಟು ಮೇ ಕೊನೆಯಿಂದ ಆಗಸ್ಟಿನವರೆಗೆ ಹಣ್ಣಾಗುತ್ತವೆ. ತಡವಾಗಿ ಬಿಟ್ಟ ಮದ್ದಿನ ಹಣ್ಣೂ ಈ ಹಣ್ಣೂ ಒಟ್ಟಿಗೇ ಬಂದು ಬೀಳುತ್ತವೆ. ಅದೇ ಹೊತ್ತಿಗೆ ಪೇಟೆಯಲ್ಲಿ ಮಾವು, ಹಲಸು. ಮೇಲಿಂದ ಮಳೆ. ಹೋದ ವರ್ಷ ಏಪ್ರಿಲಿನಲ್ಲಿ ನಮಗೆ ಸಿಕ್ಕ ದರದ ಮೂರನೇ ಒಂದು ಪಾಲು ಜೂನಿನಲ್ಲಿ ಸಿಗಲಿಲ್ಲ. ಅನಾನಸ್ ಕಿತ್ತ ಮೇಲೆ ಸಿಹಿಯಾಗುವ ಹಣ್ಣೂ ಅಲ್ಲ. ಬಾಳೆಯ ಹಾಗೆ ಕಾಯಿ ಕಡಿದು ಇಟ್ಟು, ದರ ಬಂದಾಗ ಹಣ್ಣು ಮಾಡುವ ಉಪಾಯ ಇಲ್ಲಿ ನಡೆಯುವುದಿಲ್ಲ. ಗಿಡದಲ್ಲಿ ಎಷ್ಟು ಸಿಹಿ ಕೂಡಿತೋ ಅಷ್ಟೇ. ಹೊಲದಲ್ಲಿ ಪೂರ್ತಿ ಹಣ್ಣಾದದ್ದು ನಾಲ್ಕೈದು ದಿನಕ್ಕೆ ನೀರು ಬಿಡುತ್ತದೆ.

ನಮ್ಮ ಮನೆಯ ಮಾತನ್ನೂ ಸ್ವಲ್ಪ ಹೇಳಬೇಕು. ಮುತ್ತಜ್ಜ ಗೇಣಿ ಕೊಟ್ಟು ಉಳುತ್ತಿದ್ದವರು. ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದದ್ದು 1951ರಲ್ಲಿ, ನಮ್ಮ ಪಕ್ಕದ ಸಾಗರ ಸೀಮೆಯಲ್ಲಿ. ಅದರ ಕಥೆ ಕೇಳುತ್ತಲೇ ಅಜ್ಜ ಬೆಳೆದ. 1974ರಲ್ಲಿ ಉಳುವವನಿಗೇ ಭೂಮಿ ಎಂಬ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ ಅಜ್ಜನೇ ಡಿಕ್ಲರೇಶನ್ ಹಾಕಿ, ಗದ್ದೆ ಮತ್ತು ಒಂದು ತುಂಡು ಬ್ಯಾಣ ಮನೆಯ ಹೆಸರಿಗೆ ಬಂತು. ಗದ್ದೆಯಲ್ಲಿ ಭತ್ತ. ಬ್ಯಾಣದಲ್ಲಿ ಏನು ಬೆಳೆಯುವುದು? ದನ ಮೇಯಿಸುವ ಒಣ ಕಲ್ಲುನೆಲ, ನೀರಿಲ್ಲ. ನಮ್ಮೂರಿಗೆ ಬಂದು ನೆಲೆಸಿದ ಕೇರಳದ ಒಂದು ಕುಟುಂಬ ಪಕ್ಕದ ಗುಡ್ಡದಲ್ಲಿ ಅನಾನಸ್ ಹಾಕಿತ್ತು. ಅಜ್ಜ ಅವರಲ್ಲಿ ಎರಡು ತಿಂಗಳು ಕೂಲಿಗೆ ಹೋಗಿ ಕೆಲಸ ಕಲಿತ. ಕೊನೆಯ ದಿನ ಕೂಲಿಯ ಜೊತೆಗೆ ಒಂದು ಗಾಡಿ ಕಂದು ಕೇಳಿದನಂತೆ. ಆ ಮನೆಯ ಯಜಮಾನರು ದುಡ್ಡು ತೆಗೆದುಕೊಳ್ಳದೆ ಕೊಟ್ಟರು. “ಇದನ್ನು ಮಾರಬೇಡ, ಬೇಕಾದವರಿಗೆ ಕೊಡು” ಅಂದರಂತೆ, ಅರ್ಧ ಮಲಯಾಳಂ ಅರ್ಧ ಕನ್ನಡದಲ್ಲಿ.

ಆ ಮಾತು ನಮ್ಮ ಕೇರಿಯಲ್ಲಿ ಕಟ್ಟಳೆಯಾಯಿತು. ಇವತ್ತಿಗೂ ನಮ್ಮ ಇಪ್ಪತ್ತೆರಡು ಮನೆಗಳೊಳಗೆ ಕಂದಿಗೆ ಬೆಲೆ ಕಟ್ಟುವುದಿಲ್ಲ. ಹೊಸದಾಗಿ ಹಾಕುವವರಿಗೆ ಹಳೆಯ ಹೊಲದವರು ಕೊಡಬೇಕು. ನೆಡುವುದೂ ಮುಯ್ಯಾಳಿನ ಲೆಕ್ಕದಲ್ಲೇ: ಇವತ್ತು ನಿಮ್ಮ ಹೊಲಕ್ಕೆ ನಾವು ಆರು ಜನ ಬಂದರೆ ನಾಳೆ ನಮ್ಮ ಹೊಲಕ್ಕೆ ನೀವು ಆರು ಜನ. ಭೂಮಿತಾಯಿಗೆ ಬಯಕೆ ಊಟ ಬಡಿಸುವ ಭೂಮಿ ಹುಣ್ಣಿಮೆಯ ಬೆಳಗಿನ ಜಾವ ಅಜ್ಜಿ ಚಿತ್ತಾರದ ಬುಟ್ಟಿಯಲ್ಲಿ ಅಡಿಗೆ ಹೊತ್ತು ಗದ್ದೆಗೆ ಹೋಗುತ್ತಾಳೆ. ಹಚ್ಚಂಬಲಿ ಎಂಬ ಸೊಪ್ಪಿನ ಎಡೆ ಬೀರುವುದು ಬಸಿರಾದ ಭತ್ತಕ್ಕೆ. ಆದರೆ ಅಜ್ಜಿ ಗದ್ದೆ ಮುಗಿಸಿ, ಉಸಿರು ಕಟ್ಟುತ್ತ ಗುಡ್ಡ ಹತ್ತಿ, ಬ್ಯಾಣದ ಅನಾನಸ್ ಸಾಲಿಗೂ ಒಂದು ಹಿಡಿ ಬೀರಿಯೇ ಇಳಿಯುವುದು. ಯಾರಾದರೂ ಕೇಳಿದರೆ, “ಇದೂ ಬಸಿರಾಗೋದೇ ಅಲ್ಲೇನೆ?” ಅನ್ನುತ್ತಾಳೆ. ಸುಳಿಗೆ ಮದ್ದು ಬೀಳುವುದು ಆ ಹುಣ್ಣಿಮೆ ಕಳೆದ ಮೇಲೇ.

ಇಂಥ ಊರಿನಲ್ಲಿ ಒಬ್ಬರ ಹಣ್ಣು ಕೊಳೆತರೆ ಎಲ್ಲರಿಗೂ ಕೆಟ್ಟದೆನಿಸುತ್ತದೆ. ಆದರೆ ಎಲ್ಲರ ಹಣ್ಣೂ ಒಂದೇ ವಾರ ಕೊಳೆತರೆ ಮುಯ್ಯಾಳು ಏನು ಮಾಡೀತು? ಇಪ್ಪತ್ತೆರಡು ಮನೆಯ ಒಗ್ಗಟ್ಟು ಹೊಲದ ಬದುವಿನವರೆಗೆ. ಅದರಾಚೆ ಲಾರಿ, ದಲ್ಲಾಳಿ, ಜ್ಯೂಸ್ ಕಾರ್ಖಾನೆ, ದೆಹಲಿಯ ಮಂಡಿ. ಅಲ್ಲಿ ನಮ್ಮ ಪರ ನಿಲ್ಲಬಲ್ಲವರು ನೀವು.

2020ರ ಮಾರ್ಚ್ ನೆನಪಿರಬಹುದು. 25ರಿಂದ ಲಾಕ್‌ಡೌನ್. ನಮ್ಮ ಮೇಲಿನ ಬ್ಯಾಣದಲ್ಲಿ ಹಣ್ಣು ಬಿಸಿಲಿಗೆ ಸುಡದಿರಲೆಂದು ಅಪ್ಪ, ಚಿಕ್ಕಪ್ಪ ಒಂದೊಂದಕ್ಕೂ ಒಣಹುಲ್ಲು ಮುಚ್ಚಿ ಮುಗಿಸಿದ್ದರು. ಮುಂದಿನ ವಾರ ಲಾರಿ ಬರುವುದಿತ್ತು. ಬರಲಿಲ್ಲ. ಹುಲ್ಲು ಸರಿಸಿದರೆ ಒಳಗೆ ಹೊನ್ನಿನ ಬಣ್ಣ, ಘಮ್ಮೆನ್ನುವ ಪರಿಮಳ. ಅಷ್ಟು ಒಳ್ಳೆ ಹಣ್ಣು ಆಮೇಲೆ ಬಂದದ್ದು ನನಗೆ ನೆನಪಿಲ್ಲ. ದನಗಳಿಗೆ ಕಡಿದು ಹಾಕಿದೆವು, ನೆಂಟರಿಗೆ ಹಂಚಿದೆವು, ಗಾಡಿಯಲ್ಲಿ ತುಂಬಿ ಊರೂರಿಗೆ ಇಟ್ಟು ಬಂದೆವು. ಅಜ್ಜ ಮಾತಾಡುವುದನ್ನೇ ಕಡಿಮೆ ಮಾಡಿದ. ಸಂಜೆ ಹೊತ್ತು ಕ್ಯಾಲೆಂಡರಿನ ಎದುರು ನಿಂತು, ತಾನು ಹಾಕಿದ ಸುತ್ತುಗಳನ್ನೇ ನೋಡುತ್ತಿದ್ದ.

ಆ ವರ್ಷ ಯಾರದೂ ತಪ್ಪಲ್ಲ. ನಾನು ಅದನ್ನು ದೂರಿಗಾಗಿ ಹೇಳುತ್ತಿಲ್ಲ. ಏಪ್ರಿಲಿನ ಒಂದು ದಿನ ಒಬ್ಬ ಅಧಿಕಾರಿ ನಮಗೆ ಫೋನ್ ಮಾಡಿದರು. “ನಿಮ್ಮ ಕೇರಿಯಲ್ಲಿ ಒಟ್ಟು ಎಷ್ಟು ಹಣ್ಣಿದೆ? ಯಾವ ಯಾವ ವಾರ ಬರುತ್ತದೆ?” ಎಂದು ಕೇಳಿದರು. ನಮ್ಮ ಮನೆಗೆ ಅಂಥ ಪ್ರಶ್ನೆ ಬಂದದ್ದು ಅದೇ ಮೊದಲು. ನಾನು ಅಜ್ಜನ ಕ್ಯಾಲೆಂಡರ್ ಇಳಿಸಿ, ಉಳಿದ ಮನೆಗಳನ್ನೂ ಕೇಳಿ, ಒಂದು ಗಂಟೆಯೊಳಗೆ ವಾರವಾರದ ಲೆಕ್ಕ ಕೊಟ್ಟೆ. ಅವರಿಗೆ ಆಶ್ಚರ್ಯವಾಯಿತು. ಮೂರೇ ದಿನಕ್ಕೆ ವಾಹನದ ಪಾಸ್ ಬಂತು. ಬೆಂಗಳೂರು, ಹುಬ್ಬಳ್ಳಿಯಲ್ಲಿದ್ದ ನಮ್ಮೂರ ಹುಡುಗರು ವಾಟ್ಸಾಪಿನಲ್ಲಿ ಅಪಾರ್ಟ್‌ಮೆಂಟುಗಳ ಬೇಡಿಕೆ ಕೂಡಿಸಿದರು. ಕೊನೆಯ ಎರಡು ವಾರದ ಹಣ್ಣು ಮಣ್ಣುಪಾಲಾಗದೆ ಉಳಿಯಿತು. ಆ ಅಧಿಕಾರಿ ಆಮೇಲೆ ವರ್ಗವಾಗಿ ಹೋದರು. ಆ ಪ್ರಶ್ನೆಯನ್ನು ನಮಗೆ ಮತ್ತೆ ಯಾರೂ ಕೇಳಿಲ್ಲ.

ಬೆಳೆ ಸಮೀಕ್ಷೆಗೆ ಪ್ರತಿ ವರ್ಷ ಮೊಬೈಲ್ ಹಿಡಿದು ಹುಡುಗರು ಬರುತ್ತಾರೆ. ಫೋಟೋ ತೆಗೆದು ‘ಅನಾನಸ್’ ಎಂದು ಒತ್ತಿ ಹೋಗುತ್ತಾರೆ. ಎಷ್ಟನೇ ವರ್ಷದ ಗಿಡ, ಯಾವ ತಳಿ, ಮದ್ದು ಯಾವಾಗ ಬಿಟ್ಟಿರಿ ಎಂದು ನಮ್ಮಲ್ಲಿ ಕೇಳಿದವರಿಲ್ಲ. ಹೊಲದಲ್ಲಿ ಅನಾನಸ್ ಇದೆ ಎಂದು ತಿಳಿದರೆ ಪರಿಹಾರ ಕೊಡಲು ಸಾಕಾಗಬಹುದು, ಹಣ್ಣು ಉಳಿಸಲು ಸಾಲದು. ಅದಕ್ಕೆ ಬೇಕಾದದ್ದು ಆ ಒಂದು ತಾರೀಕು.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಅಕ್ಟೋಬರಿನಿಂದ ಜನವರಿಯವರೆಗೆ ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ಒಂದು ವಹಿ ಇಡಿ. ಮದ್ದು ಬಿಟ್ಟವರು ಬಂದು ತಾರೀಕು, ಗಿಡದ ಸಂಖ್ಯೆ, ತಳಿ ಬರೆಸಲಿ. ಮದ್ದು ಬಿಡದೆ ಉಳಿಸಿದ ಗಿಡ ಎಷ್ಟು ಎಂಬುದನ್ನೂ ಬರೆಸಲಿ, ಜೂನಿನ ರಾಶಿ ಬರುವುದು ಅಲ್ಲಿಂದಲೇ. ಬರೆಸಿದ ಹಾಗೆಯೇ ಯಾವ ವಾರ ಎಷ್ಟು ಟನ್ ಎಂಬುದನ್ನು ಎಲ್ಲರಿಗೂ ಕಾಣುವಂತೆ ಬೋರ್ಡಿನ ಮೇಲೆ ಹಾಕುತ್ತ ಹೋಗಿ, ಫೆಬ್ರುವರಿ ಹೊತ್ತಿಗೆ ಪಟ್ಟಿ ಪೂರ್ತಿ ಕಟ್ಟಿ. ದಲ್ಲಾಳಿಗೂ ಕಾಣಲಿ, ಕಾರ್ಖಾನೆಯವರಿಗೂ ಕಾಣಲಿ, ನಮಗೂ ಕಾಣಲಿ. ಮೇ ಮೂರನೇ ವಾರ ಈಗಾಗಲೇ ತುಂಬಿದೆ ಎಂದು ಡಿಸೆಂಬರಿನಲ್ಲೇ ಬೋರ್ಡಿನ ಮೇಲೆ ಕಂಡರೆ, ಉಳಿದ ಅರ್ಧ ಎಕರೆಗೆ ಅಪ್ಪ ಆಗಲೇ ಮದ್ದು ಬಿಡುವುದಿಲ್ಲ. ಈಗ ಪಕ್ಕದ ಊರಿನವರು ಎಷ್ಟು ಬಿಟ್ಟಿದ್ದಾರೆ ಎಂಬುದು ನಮಗೇ ಗೊತ್ತಿರುವುದಿಲ್ಲ. ಕತ್ತಲಲ್ಲಿ ಎಲ್ಲರೂ ಒಂದೇ ಬಾಗಿಲಿಗೆ ನುಗ್ಗುತ್ತೇವೆ.

ಈ ಪತ್ರವನ್ನು ಇಬ್ಬರು ಜಿಲ್ಲಾಧಿಕಾರಿಗಳಿಗೆ ಬರೆಯಲೂ ಕಾರಣವಿದೆ. ಬನವಾಸಿ ಇರುವುದು ಶಿರಸಿ ತಾಲ್ಲೂಕು, ಉತ್ತರ ಕನ್ನಡ. ವರದಾ ಹೊಳೆ ದಾಟಿ ಸ್ವಲ್ಪ ದೂರ ಹೋದರೆ ಸೊರಬ ತಾಲ್ಲೂಕು, ಶಿವಮೊಗ್ಗ. ಹೊಲಕ್ಕೆ ಈ ಗಡಿ ಗೊತ್ತಿಲ್ಲ, ಲಾರಿಗೂ ಗೊತ್ತಿಲ್ಲ. ಗೊತ್ತಿರುವುದು ಕಡತಕ್ಕೆ ಮಾತ್ರ. 2020ರಲ್ಲಿ ಶುರುವಾದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ ಜಿಲ್ಲೆಗೊಂದು ಉತ್ಪನ್ನ ಆರಿಸುವಾಗ ಶಿವಮೊಗ್ಗಕ್ಕೆ ಅನಾನಸ್ ಬಂತು, ಉತ್ತರ ಕನ್ನಡಕ್ಕೆ ಸಾಂಬಾರ ಪದಾರ್ಥ ಬಂತು. ಹೊಳೆಯಾಚೆಯ ಹಣ್ಣು ಜಿಲ್ಲೆಯ ಹೆಮ್ಮೆ, ಈಚೆಯ ಅದೇ ಹಣ್ಣು ಪಟ್ಟಿಯ ಹೊರಗೆ. ನನ್ನ ಅಕ್ಕನನ್ನು ಸೊರಬದ ಕಡೆಗೆ ಕೊಟ್ಟಿದ್ದೇವೆ. ಅವಳ ಮನೆಯ ಹೊಲಕ್ಕೆ ಹೋದ ಮೊದಲ ಕಂದು ನಮ್ಮ ಬ್ಯಾಣದ್ದೇ. ಎರಡೂ ಜಿಲ್ಲೆಯ ಪಟ್ಟಿ ಒಂದೇ ಹಾಳೆಯಲ್ಲಿ ಬರದಿದ್ದರೆ ಲೆಕ್ಕ ಅರ್ಧವೇ ಆಗುತ್ತದೆ.

ಪಟ್ಟಿ ಕೈಯಲ್ಲಿದ್ದರೆ ಮಾಡಬಹುದಾದ ಕೆಲಸಗಳಿಗೆ ಹೊಸ ಕಾನೂನು ಬೇಕಾಗಿಲ್ಲ. ಕೇಂದ್ರದ ಆಪರೇಷನ್ ಗ್ರೀನ್ಸ್ ಯೋಜನೆಯನ್ನು ಟೊಮ್ಯಾಟೊ, ಈರುಳ್ಳಿ, ಆಲೂಗಡ್ಡೆಯಿಂದ ಬೇರೆ ಹಣ್ಣು ತರಕಾರಿಗಳಿಗೆ 2020ರಲ್ಲಿ ವಿಸ್ತರಿಸಿದಾಗ ಅನಾನಸ್ ಕೂಡ ಆ ಪಟ್ಟಿಯಲ್ಲಿತ್ತು. ದರ ಬಿದ್ದಾಗ ಸಾಗಾಟಕ್ಕೂ ದಾಸ್ತಾನಿಗೂ ಅರ್ಧ ಸಹಾಯಧನ. ದರ ಬಿದ್ದದ್ದು ಸಾಬೀತಾದ ಮೇಲೆ ಅರ್ಜಿ ಹಾಕಿ ಲಾರಿ ಹುಡುಕುವಷ್ಟು ಪುರುಸೊತ್ತು ನಮ್ಮ ಹಣ್ಣಿಗೆ ಇಲ್ಲ. ಅಂಥ ನೆರವು ಮುಂದೆ ಯಾವ ಹೆಸರಿನಲ್ಲಿ ಬಂದರೂ, ವಾರ ಮೊದಲೇ ಗೊತ್ತಿದ್ದರೆ ಕಾಗದ ಏಪ್ರಿಲಿನಲ್ಲೇ ತಯಾರಿರುತ್ತದೆ. ಬೆಂಗಳೂರಿನಲ್ಲಿ ಹಾಪ್‌ಕಾಮ್ಸ್ ದ್ರಾಕ್ಷಿ ಕಲ್ಲಂಗಡಿ ಮೇಳ ಮಾಡುತ್ತದೆ, ಜನ ಮುಗಿಬಿದ್ದು ಕೊಳ್ಳುತ್ತಾರೆ. ಜೂನಿನಲ್ಲಿ ಎರಡು ವಾರ ಅನಾನಸಿಗೂ ಅದು ಆಗಬಹುದು. ಇನ್ನೊಂದು ಮಾತು ನನಗೆ ಬಹಳ ದಿನದಿಂದ ಹೊಳೆಯುತ್ತಿದೆ. ನಮ್ಮ ಹಣ್ಣು ರಾಶಿ ಬೀಳುವ ಹೊತ್ತಿಗೇ ಶಾಲೆಗಳು, ಹಾಸ್ಟೆಲುಗಳು ಬೇಸಿಗೆ ರಜೆ ಮುಗಿಸಿ ತೆರೆಯುತ್ತವೆ. ಶಾಲೆಯಲ್ಲಿ ಮೊಟ್ಟೆ, ಬಾಳೆಹಣ್ಣು ಕೊಡುವ ಏರ್ಪಾಡು ಆಗಲೇ ಇದೆ. ಆ ಎರಡು ಮೂರು ವಾರ ನಮ್ಮ ಎರಡು ಜಿಲ್ಲೆಯ ಹಾಸ್ಟೆಲ್ ಮಕ್ಕಳ ತಟ್ಟೆಗೆ ಎರಡು ಹೋಳು ಅನಾನಸ್ ಬಿದ್ದರೆ ಸಾಕು. ನಾನು ಓದಿದ್ದು ಸರ್ಕಾರಿ ಹಾಸ್ಟೆಲಿನಲ್ಲಿ. ಇಲ್ಲಿ ಮನೆಯ ಹೊಲದಲ್ಲಿ ಹಣ್ಣು ಕೊಳೆಯುತ್ತಿರುತ್ತಿತ್ತು, ಅಲ್ಲಿ ನಮಗೆ ಹಣ್ಣೆಂದರೆ ಹಬ್ಬದ ದಿನದ ಬಾಳೆಹಣ್ಣು.

ವಹಿಯ ವಿಷಯದಲ್ಲಿ ಒಂದು ವಿನಂತಿ. ಅದನ್ನು ಪಹಣಿಗೆ ಕಟ್ಟಬೇಡಿ. ಅಪ್ಪ ನಮ್ಮ ಬ್ಯಾಣದ ಜೊತೆಗೆ ಪಕ್ಕದವರ ಎರಡು ಎಕರೆಯನ್ನೂ ಮೂರು ವರ್ಷದ ಬಾಯಿಮಾತಿನ ಮೇಲೆ ಮಾಡುತ್ತಾರೆ. ಹೀಗೆ ಅನಾನಸ್ ಮಾಡುವವರು ಈ ಸೀಮೆಯಲ್ಲಿ ಬಹಳ ಜನ. ನಮ್ಮ ಭೂಸುಧಾರಣೆ ಕಾನೂನು ಗೇಣಿಯನ್ನು ಒಪ್ಪುವುದಿಲ್ಲ, ಯಾಕೆ ಒಪ್ಪುವುದಿಲ್ಲ ಎಂಬುದು ನಮ್ಮಂಥ ಮನೆಯವರಿಗೆ ಚೆನ್ನಾಗಿ ಗೊತ್ತು. ಆ ಕಾನೂನಿನಿಂದಲೇ ನಾವು ಮನುಷ್ಯರಾದೆವು. ಅದನ್ನು ಸಡಿಲಿಸಿ ಎಂದು ನಾನು ಕೇಳುವುದಿಲ್ಲ. ಆದರೆ 2020ರಲ್ಲಿ ಸರ್ಕಾರ ಹಣ್ಣು, ತರಕಾರಿ ಬೆಳೆದವರಿಗೆ ಹೆಕ್ಟೇರಿಗೆ 15,000 ರೂಪಾಯಿ ಪರಿಹಾರ ಕೊಟ್ಟಾಗ ಆ ಎರಡು ಎಕರೆಯ ದುಡ್ಡು ಹೋದದ್ದು ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ. ಅವರು ದುಡ್ಡು ಬಿಡಿಸಿಕೊಂಡು ನೇರ ನಮ್ಮ ಜಗುಲಿಗೆ ಬಂದರು. “ಬೆಳೆದೋನು ನೀನು ಮಾರಾಯ, ಇದು ನಂಗೆ ಹ್ಯಾಂಗೆ ದಕ್ಕುತ್ತದೆ?” ಎಂದು ಅಪ್ಪನ ಕೈಗಿಟ್ಟರು. ಅಂಥ ನೆರೆಯವರು ಎಲ್ಲರಿಗೂ ಸಿಗುವುದಿಲ್ಲ. ಕಡೇಪಕ್ಷ ಹಣ್ಣಿನ ವಹಿಯಲ್ಲಾದರೂ ಮದ್ದು ಬಿಟ್ಟವರ ಹೆಸರೇ ಇರಲಿ. ಹೆಂಗಸರು ಬಂದು ಬರೆಸಿದರೆ ‘ಯಜಮಾನರನ್ನು ಕಳಿಸಿ’ ಎಂದು ವಾಪಸ್ ಕಳಿಸದಿರಲಿ. ತಾರೀಕು ಸರಿಯಾಗಿ ಗೊತ್ತಿರುವುದು ಅವರಿಗೇ.

ಕೇರಳದ ವಾಳಕುಳಂ ಅನಾನಸಿಗೆ 2009ರಲ್ಲೇ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು. ಅಲ್ಲಿ ಆ ಹಣ್ಣಿಗೆಂದೇ ಮಾರುಕಟ್ಟೆ ಇದೆ. ನಮ್ಮ ಅಜ್ಜನಿಗೆ ಕೆಲಸ ಕಲಿಸಿದವರೂ ಆ ಕಡೆಯವರೇ. ಕಂದನ್ನು ಅವರಿಂದ ತಂದುಕೊಂಡೆವು. ಮಾರುವ ಕ್ರಮವನ್ನೂ ಕಲಿಯಬೇಕಿತ್ತು, ಅದೊಂದು ಉಳಿದುಹೋಯಿತು.

ಅಜ್ಜ 2021ರ ಮಳೆಗಾಲದಲ್ಲಿ ತೀರಿಕೊಂಡ. ಆ ವರ್ಷದ ಕ್ಯಾಲೆಂಡರಿನಲ್ಲಿ ಜೂನ್ ತಿಂಗಳವರೆಗೆ ಅವನ ಬರಹ ಇದೆ, ಆಮೇಲಿನದು ನನ್ನದು. ಚಿಕ್ಕಪ್ಪನ ಮಗ ಈ ವರ್ಷ ಪಿಯುಸಿ ಮುಗಿಸುತ್ತಾನೆ. ಹೊಲಕ್ಕೆ ಬರುತ್ತಾನೋ ಬೆಂಗಳೂರಿಗೆ ಹೋಗುತ್ತಾನೋ ಗೊತ್ತಿಲ್ಲ. “ಹಣ್ಣು ಬೆಳೆಯೋದು ಕಷ್ಟ ಅಲ್ಲಕ್ಕ. ಕೊಳೆಯೋದನ್ನ ನೋಡೋಕಾಗಲ್ಲ” ಅಂದ ಮೊನ್ನೆ. ಅವನಿಗೆ ಕೊಡಲು ನನ್ನಲ್ಲಿ ಉತ್ತರ ಇರಲಿಲ್ಲ.

ಇನ್ನೇನು ಕದಂಬೋತ್ಸವ ಬರುತ್ತದೆ, ನೀವೂ ಬನವಾಸಿಗೆ ಬರುತ್ತೀರಿ. ಆಗ ನಮ್ಮ ಕಡೆಯ ಒಂದು ಹೊಲಕ್ಕೆ ಕಾಲಿಡಿ ಎಂದು ಕೇಳಿಕೊಳ್ಳುತ್ತೇನೆ. ಸುಳಿಯಲ್ಲಿ ಕಾಯಿ ಕಟ್ಟಿರುತ್ತದೆ, ಕಣ್ಣುಗಳು ಎದ್ದು ಕಾಣುತ್ತಿರುತ್ತವೆ.

ವಹಿ ಇನ್ನೂ ಇಲ್ಲದಿರುವುದರಿಂದ ನಮ್ಮ ಮನೆಯ ಲೆಕ್ಕವನ್ನು ಇಲ್ಲಿಯೇ ಬರೆಸುತ್ತಿದ್ದೇನೆ, ದಯವಿಟ್ಟು ನಮೂದಿಸಿಕೊಳ್ಳಿ. ತಳಿ ಕ್ಯೂ. ಮೇಲಿನ ಬ್ಯಾಣ, 6,000 ಗಿಡ, ಮದ್ದು ಬಿಟ್ಟದ್ದು ನವೆಂಬರ್ 18 ಮತ್ತು 19. ಹಣ್ಣು ಏಪ್ರಿಲ್ ಕೊನೆಯ ವಾರ. ಪಕ್ಕದವರ ಎರಡು ಎಕರೆಯ ಒಂದು ಭಾಗದಲ್ಲಿ 9,000 ಗಿಡ, ಡಿಸೆಂಬರ್ 9ರಿಂದ 12. ಹಣ್ಣು ಮೇ ಮೂರನೇ ವಾರ. ಮದ್ದು ಬಿಡದೆ ಉಳಿದ ಕೂಳೆ ಗಿಡ ಸುಮಾರು 3,500. ಅವು ಜೂನಿನಲ್ಲಿ ಬರುತ್ತವೆ.

ಇಂತಿ,
ಬನವಾಸಿ ಸೀಮೆಯ ಒಬ್ಬ ಅನಾನಸ್ ಬೆಳೆಗಾರ್ತಿ